ಕರೆಂಟ್ ಹೋಗಿ ಬಂದ್ರೆ ಬಿಲ್ ಪ್ರಿಂಟರ್ ಸಿಗಲ್ವಾ? ವೈರ್ ಸಾಧನದ ಮ್ಯಾಕ್ ನಂಬರ್ ಹೀಗೆ ಹುಡುಕಿ

ಸಾಯಗಾಂವ (ಭಾಲ್ಕಿ): ಕರೆಂಟ್ ಹೋಗಿ ಬಂದ ಮೇಲೆ ಬಿಲ್ ಪ್ರಿಂಟರ್ ಪ್ರಿಂಟ್ ಕೊಡಲ್ಲ, ಸಿಸಿ ಕ್ಯಾಮೆರಾದ ಡಿವಿಆರ್ ಕಂಪ್ಯೂಟರ್‌ನಲ್ಲಿ ಓಪನ್ ಆಗಲ್ಲ. ಸಾಧನ ಕೆಟ್ಟಿದೆ ಅಂತ ಅಂಗಡಿಯವರು ರಿಪೇರಿಗೆ ದುಡ್ಡು ಹಾಕ್ತಾರೆ. ಎಷ್ಟೋ ಸಲ ಸಾಧನ ಸರಿಯಾಗೇ ಇರುತ್ತೆ, ರೂಟರ್ ಅದಕ್ಕೆ ಬೇರೆ ಐಪಿ ನಂಬರ್ ಕೊಟ್ಟಿರುತ್ತೆ. ಮ್ಯಾಕ್ ನಂಬರ್ ಗೊತ್ತಿದ್ದರೆ ಒಂದೇ ಐಪಿಯನ್ನು ಕಾಯಂ ಮಾಡಬಹುದು.

ಮ್ಯಾಕ್ ನಂಬರ್ ಅಂದ್ರೆ?
ಇದು ಕಂಪನಿಯವರೇ ಸಾಧನಕ್ಕೆ ಹಾಕಿ ಕಳಿಸುವ ಗುರುತು. ಒಟ್ಟು 12 ಅಕ್ಷರ: 0ಯಿಂದ 9ರ ಅಂಕಿ ಮತ್ತು ಇಂಗ್ಲಿಷಿನ ಎ ಇಂದ ಎಫ್. ಸಾಮಾನ್ಯವಾಗಿ ಮೊದಲ 6 ಕಂಪನಿಯದು, ಉಳಿದ 6 ಆ ಸಾಧನದ್ದು. ಐಪಿ ಬದಲಾದರೂ ಇದು ಬದಲಾಗಲ್ಲ.

ಹುಡುಕುವುದು ಹೇಗೆ?
1. ಸಾಧನದ ಹಿಂದೆ ಅಥವಾ ಕೆಳಗಿನ ಸ್ಟಿಕ್ಕರ್ ನೋಡಿ. ವೈಫೈಗೂ ವೈರ್‌ಗೂ ಬೇರೆ ಬೇರೆ ನಂಬರ್ ಇದ್ದರೆ ವೈರಿನದನ್ನು ಬರೆದುಕೊಳ್ಳಿ.
2. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ ರೂಟರ್ ಒಳಗೆ ಹೋಗಿ. ವೈಫೈ ಪಟ್ಟಿಯಲ್ಲಿ ವೈರ್ ಸಾಧನ ಬರಲ್ಲ. 'ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್' ನೋಡಬೇಕು.
3. ವಿಂಡೋಸ್ ಕಂಪ್ಯೂಟರ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ 'ಪಿಂಗ್' ಬರೆದು ಸಾಧನದ ಐಪಿ ಹಾಕಿ. ನಂತರ 'ಎಆರ್‌ಪಿ -ಎ' ಹಾಕಿದರೆ ಐಪಿ ಎದುರು ಮ್ಯಾಕ್ ನಂಬರ್ ಕಾಣುತ್ತೆ. ಅದೇ ಕಂಪ್ಯೂಟರಿನ ನಂಬರ್ ಬೇಕಿದ್ದರೆ 'ಗೆಟ್‌ಮ್ಯಾಕ್' ಹಾಕಿ.

ಯಾವ ಐಪಿ ಯಾವುದರದ್ದು ಗೊತ್ತಾಗ್ತಿಲ್ವಾ?
ಪಿಂಗ್ ಮಾಡುವಾಗ ಐಪಿ ಮುಂದೆ '-ಟಿ' ಸೇರಿಸಿ, ಒಂದೊಂದೇ ಸಾಧನದ ವೈರ್ ಬಿಚ್ಚಿ ನೋಡಿ. ಯಾವ ವೈರ್ ತೆಗೆದಾಗ ಉತ್ತರ ನಿಲ್ಲುತ್ತೋ ಆ ಐಪಿ ಅದರದ್ದು.

ಇವು ಪಟ್ಟಿಯಲ್ಲಿ ಬರಲ್ಲ
ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಹಾಕಿದ ಪ್ರಿಂಟರ್ ಇಲ್ಲಿ ಕಾಣಲ್ಲ. ಡಿವಿಆರ್‌ಗೆ ಗುಂಡು ಕೇಬಲ್‌ನಲ್ಲಿ ಸೇರಿಸಿದ ಕ್ಯಾಮೆರಾಗಳೂ ಕಾಣಲ್ಲ, ಡಿವಿಆರ್ ಒಂದೇ ಕಾಣುತ್ತೆ.

ಕಾಯಂ ಮಾಡೋದು
ರೂಟರ್‌ನ 'ಅಡ್ರೆಸ್ ರಿಸರ್ವೇಶನ್'ನಲ್ಲಿ ಮ್ಯಾಕ್ ನಂಬರ್ ಬರೆದು, ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ಹಳೇ ಐಪಿಯನ್ನೇ ಕೊಡಿ. ರೂಟರ್, ಸಾಧನ ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಪಟ್ಟಿಯಲ್ಲಿ ನಿಮ್ಮದಲ್ಲದ ಸಾಧನ ಕಂಡರೆ ರೂಟರ್‌ನಿಂದ ಹೊರಟ ಪ್ರತಿ ವೈರ್ ಎಲ್ಲಿಗೆ ಹೋಗಿದೆ ನೋಡಿ. ವೈಫೈ ಮತ್ತು ರೂಟರ್ ಎರಡರ ಪಾಸ್‌ವರ್ಡ್ ಬದಲಿಸಿ. ಮ್ಯಾಕ್ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ರೂಟರ್ ಪಕ್ಕ ಅಂಟಿಸಿದರೆ ಮುಂದಿನ ಸಲ ಹುಡುಕುವ ಕೆಲಸ ಇರಲ್ಲ.