ಅಭಿನಯಗೀತೆ

ಚಿಕ್ಕ ಮಕ್ಕಳು ಕೈಸನ್ನೆ, ಚಪ್ಪಾಳೆ, ಹೆಜ್ಜೆಗಳೊಂದಿಗೆ ಗುಂಪಾಗಿ ಹಾಡುವ ಗೀತೆಯೇ ಅಭಿನಯಗೀತೆ. ಕರ್ನಾಟಕದ ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ತರಗತಿಗಳ ಬಹಳಷ್ಟು ಮಕ್ಕಳಿಗೆ ಸಂಗೀತದ ಮೊದಲ ಪಾಠ ಸಿಗುವುದು ಇದರಿಂದಲೇ. ಸ್ವರ, ತಾಳಗಳ ಹೆಸರು ತಿಳಿಯುವ ಮುನ್ನ ಲಯ ಮೈಗೂಡಬೇಕೆಂಬುದು ಇದರ ತತ್ತ್ವ.

ಆಧುನಿಕ ಕನ್ನಡದಲ್ಲಿ ಶಿಶುಗೀತೆಗೆ ಗಟ್ಟಿ ನೆಲೆ ಹಾಕಿದವರು ಶಾಲಾ ಶಿಕ್ಷಕರೂ ಇನ್ಸ್‌ಪೆಕ್ಟರೂ ಆಗಿದ್ದ ಪಂಜೆ ಮಂಗೇಶರಾಯರು (1874–1937). ಅನಂತರ ಜಿ.ಪಿ. ರಾಜರತ್ನಂ (1908–1979) ಆ ಪರಂಪರೆಯನ್ನು ಬೆಳೆಸಿದರು. ಪಂಜೆಯವರ ‘ನಾಗರಹಾವೆ’, ರಾಜರತ್ನಂ ಅವರ ತುತ್ತೂರಿಯ ಹಾಡು ಎರಡೂ ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುತ್ತವೆ. ಪ್ರತಿ ಗಣದ ಮೊದಲ ಮಾತ್ರೆಗೆ ಚಪ್ಪಾಳೆ ಸಹಜವಾಗಿ ಬೀಳುವುದರಿಂದ ಇಂಥ ಪದ್ಯಗಳು ಕುಣಿತಕ್ಕೆ ಒಗ್ಗುತ್ತವೆ.

ಕಲಿಸುವಾಗ ಶಿಕ್ಷಕರು ಮೊದಲು ಇಡೀ ಹಾಡನ್ನು ಅಭಿನಯಿಸಿ ತೋರಿಸುತ್ತಾರೆ; ಬಳಿಕ ಸಾಲು ಸಾಲಾಗಿ ಹೇಳಿಕೊಡುತ್ತಾರೆ. ಮಕ್ಕಳು ವೃತ್ತದಲ್ಲಿ ನಡೆಯುತ್ತ ಹೆಜ್ಜೆಗೆ ಹಾಡು ಹೊಂದಿಸುತ್ತಾರೆ. ಹಾಡು ಬಾಯಿಗೆ ಬಂದ ಮೇಲೆ ವೇಗ ಬದಲಿಸುವುದು, ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಂಡು ಮುಂದಿನ ಸಾಲಿಗೆ ಒಟ್ಟಿಗೆ ದನಿ ಎತ್ತುವುದು ಮುಂತಾದ ಆಟಗಳು ಲಯವನ್ನು ಬಿಗಿಗೊಳಿಸುತ್ತವೆ. ಎಳೆಯರ ಕಂಠದ ವ್ಯಾಪ್ತಿ ಕಿರಿದು. ಶಿಕ್ಷಕರ ತಗ್ಗು ಶ್ರುತಿಗೆ ಅವರನ್ನು ಎಳೆದರೆ ಹಾಡು ಬರಿಯ ಮಾತಾಗುತ್ತದೆ. ಆದ್ದರಿಂದ ಐದಾರು ಸ್ವರಗಳೊಳಗಿನ ಧಾಟಿಯೂ ಮಕ್ಕಳಿಗೆ ಹಿಡಿಸುವ ಶ್ರುತಿಯೂ ಬೇಕು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಇದರಲ್ಲಿ ಹಾಡು, ಆಟ, ಕಥೆಗಳು ಕಲಿಕೆಯ ಮೆಟ್ಟಿಲುಗಳಾಗಿವೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುತ್ತಾರೆ. ಇಲ್ಲಿ ಹಾಡಿನ ಮುಖ್ಯ ಗುರಿ ಭಾಷೆ ಮತ್ತು ಎಣಿಕೆ. ಶ್ರುತಿ-ಲಯಗಳ ಕಡೆ ಶಿಕ್ಷಕರು ಗಮನ ಕೊಟ್ಟಲ್ಲಿ ಅದೇ ಹಾಡು ಸಂಗೀತ ಪಾಠವೂ ಆಗುತ್ತದೆ.

ಸ್ಥಳೀಯ ಪರಿಸರ ಈ ಪಾಠಕ್ಕೆ ಒಳ್ಳೆಯ ಸಾಮಗ್ರಿ. ಪಕ್ಷಿಧಾಮಕ್ಕೆ ಹೆಸರಾದ ಸೊರಬ ತಾಲ್ಲೂಕಿನ ಗುಡವಿಯಂಥ ಊರಲ್ಲಿ ಬೆಳ್ಳಕ್ಕಿಯ ಅಳೆದಿಟ್ಟ ಹೆಜ್ಜೆಯನ್ನು ವಿಳಂಬ ಗತಿಗೂ ನೀರುಕಾಗೆಯ ಬಿರುಸಾದ ರೆಕ್ಕೆಬಡಿತವನ್ನು ದ್ರುತ ಗತಿಗೂ ಬಳಸಬಹುದು. ಸೊರಬ, ಸಾಗರ ಸೀಮೆಯಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆ ತಂಡದಲ್ಲಿ ಮುಮ್ಮೇಳದವರು ಹಾಡಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ತರಗತಿಯ ಗುಂಪುಗಾಯನಕ್ಕೂ ಈ ಕ್ರಮ ಹೊಂದುತ್ತದೆ. ಕೋಲಾಟ, ಡೊಳ್ಳು ಕುಣಿತಗಳು ಬಡಿತಕ್ಕೆ ಹೆಜ್ಜೆ ಕೂಡಿಸುವುದನ್ನು ಕಲಿಸುತ್ತವೆ.

ಯುರೋಪಿನಲ್ಲೂ ಇದೇ ದಿಕ್ಕಿನ ಪದ್ಧತಿಗಳು ಬೆಳೆದವು. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ನಡಿಗೆ, ಚಲನೆಗಳಿಂದ ಲಯ ಕಲಿಸಿದರು. ಹಂಗೆರಿಯ ಜೋಲ್ಟಾನ್ ಕೊಡಾಯ್ (1882–1967) ತಾಯ್ನುಡಿಯ ಜನಪದ ಹಾಡುಗಳಿಂದ ಪಾಠ ಶುರುವಾಗಬೇಕೆಂದರು. ಜರ್ಮನಿಯ ಕಾರ್ಲ್ ಆರ್ಫ್ (1895–1982) ಮಾತು, ಚಲನೆ, ತಾಳವಾದ್ಯಗಳನ್ನು ಬೆಸೆದರು.

ಅಭಿನಯಗೀತೆಯಿಂದ ಶಾಸ್ತ್ರೀಯ ಪಾಠಕ್ಕೆ ದಾಟುವುದು ಕಷ್ಟವಲ್ಲ. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆವರಸೆಗಳನ್ನು ಮಾಯಾಮಾಳವಗೌಳ ರಾಗ, ಆದಿತಾಳದಲ್ಲಿ ಹೇಳಿಕೊಡುತ್ತಾರೆ. ಈ ತಾಳದ ಎಂಟು ಅಕ್ಷರಗಳನ್ನು ಮಗು ತೊಡೆಯ ಮೇಲೆ ಹಾಕುತ್ತದೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಮತ್ತೆ ಎರಡು ಸಲ ಪೆಟ್ಟು-ಹುಸಿ. ನಾಲ್ಕು ಮಾತ್ರೆಯ ಹಾಡಿಗೆ ಹೆಜ್ಜೆ ಹಾಕಿ ಬಂದ ಮಗುವಿಗೆ ಈ ಲೆಕ್ಕ ಬೇಗ ಹಿಡಿತಕ್ಕೆ ಸಿಗುತ್ತದೆ.