ಕಾಲು ಉಳುಕಿದಾಗ: ಮಲೆನಾಡಿನ ಇಳಿಜಾರು ಮತ್ತು ಪಾದದ ತೊಂದರೆಗಳು

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕೊಯ್ಲಿನ ಕಾಲದಲ್ಲಿ ಕಾರ್ಮಿಕರು ದಿನವಿಡೀ ಇಳಿಜಾರಿನಲ್ಲೇ ನಿಂತು ಹಣ್ಣು ಬಿಡಿಸುತ್ತಾರೆ. ವಾರಾಂತ್ಯದಲ್ಲಿ ಬರುವ ನಗರವಾಸಿಗಳು ಜೇನುಕಲ್ಲು ಗುಡ್ಡವನ್ನೂ, ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನೂ ಏರುತ್ತಾರೆ. ಇಬ್ಬರಿಗೂ ಸಮಾನವಾದ ಅಪಾಯವೆಂದರೆ ಕಾಲು ಉಳುಕುವುದು.

ಉಳುಕು ಎಂದರೇನು?

ಪಾದ ಒಳಮುಖವಾಗಿ ಮಡಚಿದಾಗ ಹರಡಿನ ಹೊರಬದಿಯ ಅಸ್ಥಿರಜ್ಜುಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಊತ, ನೋವು, ಚರ್ಮ ನೀಲಿಗಟ್ಟುವುದು ಇದರ ಲಕ್ಷಣಗಳು. ಇಳಿಯುವಾಗ ಪಾದದ ತುದಿ ಕೆಳಮುಖವಾಗಿರುವುದರಿಂದ ಕೀಲಿನ ಭದ್ರತೆ ಕಡಿಮೆ. ಹತ್ತುವಾಗಿಗಿಂತ ಇಳಿಯುವಾಗಲೇ ಹೆಚ್ಚಿನ ಎಚ್ಚರ ಬೇಕು.

ಮೂಳೆ ಮುರಿದಿದೆಯೇ?

ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ವೈದ್ಯರು ರೂಪಿಸಿದ ಸರಳ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಎರಡೂ ಬದಿಯ ಗಂಟುಗಳ ಹಿಂಭಾಗ ಅಥವಾ ತುದಿಯನ್ನು ಒತ್ತಿದಾಗ ಮೂಳೆಯಲ್ಲಿ ನೋವಾದರೆ, ಕಿರುಬೆರಳಿನ ನೇರಕ್ಕೆ ಪಾದದ ಮಧ್ಯದ ಹೊರಅಂಚಿನಲ್ಲಿ ನೋವಿದ್ದರೆ ಎಕ್ಸ್-ರೇ ಅಗತ್ಯ. ಪಾದ ಮರಗಟ್ಟಿದ್ದರೆ, ತಣ್ಣಗಾಗಿದ್ದರೆ ಅಥವಾ ಸೊಟ್ಟಗಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಪ್ರಥಮ ಚಿಕಿತ್ಸೆ

ಕಾಲಿಗೆ ವಿಶ್ರಾಂತಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಬೇಕು. ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗದಂತೆ ಸುತ್ತಿ, ಕಾಲನ್ನು ದಿಂಬಿನ ಮೇಲೆತ್ತಿ ಇಡಬೇಕು. ಮೊದಲ ಎರಡು-ಮೂರು ದಿನ ಬಿಸಿ ಶಾಖ, ಎಣ್ಣೆ ತಿಕ್ಕುವುದು ಸಲ್ಲದು. ಉಳುಕು ತೆಗೆಯುವುದಾಗಿ ಕಾಲನ್ನು ಎಳೆಸಿದರೆ, ಬಿರುಕು ಬಿಟ್ಟ ಮೂಳೆ ಸ್ಥಾನಪಲ್ಲಟವಾಗಬಹುದು. ದಿನಗೂಲಿ ನಂಬಿದವರಿಗೆ ಆ ಒಂದು ತಪ್ಪು ಇಡೀ ಕೊಯ್ಲಿನ ಸಂಪಾದನೆಯನ್ನೇ ಕಸಿದುಕೊಳ್ಳಬಲ್ಲದು.

ಇತರ ತೊಂದರೆಗಳು

ಬೆಳಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದಂತಾದರೆ ಅಂಗಾಲಿನ ತಂತುಪಟ್ಟಿಯ ತೊಂದರೆ ಇರಬಹುದು. ಮೀನಖಂಡ, ಅಂಗಾಲುಗಳನ್ನು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆ ಉಪಯುಕ್ತ. ಮುಂಗಾರಿನಲ್ಲಿ ಒದ್ದೆ ಗಂಬೂಟಿನೊಳಗೆ ಬೆರಳ ಸಂದುಗಳಲ್ಲಿ ಕೆಸರುಹುಣ್ಣು ಬರುತ್ತದೆ. ಪಾದ ತೊಳೆದು ಸಂದುಗಳನ್ನು ಒಣಗಿಸುವುದು ಮುಖ್ಯ. ಮಧುಮೇಹಿಗಳು ಸಣ್ಣ ಗಾಯವನ್ನೂ ಕಡೆಗಣಿಸಬಾರದು.

ಮರುಕಳಿಸದಂತೆ

ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ನೋವು ತಗ್ಗಿದ ಮೇಲೆ ಆಸರೆ ಹತ್ತಿರವಿಟ್ಟುಕೊಂಡು ನಿತ್ಯ ಕೆಲ ನಿಮಿಷ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಕೀಲಿನ ಸಮತೋಲನವನ್ನು ಮರಳಿಸುತ್ತದೆ. ಗುಡ್ಡ ಏರುವವರಿಗೆ ಹಿಡಿತವಿರುವ ಬೂಟು, ಊರುಗೋಲು ಮತ್ತು ಕತ್ತಲಾಗುವ ಮುನ್ನ ಇಳಿಯುವ ವಿವೇಕ ಇರಲಿ.