ಸೊನ್ನೆ ಇಲ್ಲದ ಲೆಕ್ಕ

ಮೊನ್ನೆ ಆಫೀಸಿನಲ್ಲಿ ಒಂದು ಬಗ್ ಹಿಂದೆ ಬಿದ್ದು ರಾತ್ರಿ ಹನ್ನೊಂದಾಯ್ತು. ಕೊನೆಗೆ ನೋಡಿದ್ರೆ, ಸೊನ್ನೆಯಿಂದ ಎಣಿಸಬೇಕಾದ ಕಡೆ ಯಾರೋ ಒಂದರಿಂದ ಎಣಿಸಿದ್ದರು. (ಯಾರೋ ಅಂದ್ರೆ ನಾನೇ, ಆರು ತಿಂಗಳ ಹಿಂದೆ.) ಇಂಥದ್ದೇ ಒಂದರ ವ್ಯತ್ಯಾಸ ಒಮ್ಮೆ ಪ್ರಪಂಚದ ಕೊನೆಯ ಲೆಕ್ಕದಲ್ಲೂ ನುಸುಳಿತ್ತು.

ವಿಲಿಯಂ ಮಿಲ್ಲರ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯ ರೈತ. 1782ರಲ್ಲಿ ಹುಟ್ಟಿದವನು. ದೇವರು ಲೋಕ ಸೃಷ್ಟಿಸಿ ಕೈತೊಳೆದುಕೊಂಡ ಅಂತ ನಂಬಿದ್ದವನು, 1812ರಲ್ಲಿ ಶುರುವಾದ ಯುದ್ಧದಲ್ಲಿ ಹೋರಾಡಿ ಬಂದ ಮೇಲೆ ಬೈಬಲ್ ಹಿಡಿದು ಕೂತ. ಒಂದು ವಚನ ಅರ್ಥವಾಗದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ ಅನ್ನೋದು ಅವನ ಪದ್ಧತಿ. ಹೀಗೆ ಓದುತ್ತಾ ದಾನಿಯೇಲನ ಗ್ರಂಥದ ಎಂಟನೇ ಅಧ್ಯಾಯದಲ್ಲಿ ನಿಂತ. ಅಲ್ಲಿ 2300 ದಿನಗಳ ಮಾತಿದೆ. ಪ್ರವಾದನೆಯಲ್ಲಿ ದಿನ ಅಂದ್ರೆ ವರ್ಷ ಅಂತ ಹಿಡಿದ. ಯೆರೂಸಲೇಮಿನ ಬಗ್ಗೆ ರಾಜ ಅರ್ತಷಸ್ತನ ಅಪ್ಪಣೆಯಾದ ಕ್ರಿ.ಪೂ. 457ರಿಂದ ಎಣಿಸಿದ. 2300ರಲ್ಲಿ 457 ಕಳೆದ್ರೆ 1843. ಆಗ ಕ್ರಿಸ್ತ ಮರಳಿ ಬರುತ್ತಾನೆ, ನ್ಯಾಯತೀರ್ಪು ಆಗುತ್ತೆ.

ಇದು 1818ರ ಹೊತ್ತಿಗೆ ಸಿಕ್ಕ ಉತ್ತರ. ಆದ್ರೆ ಆಸಾಮಿ ಬಹಿರಂಗವಾಗಿ ಬೋಧಿಸಲು ಶುರು ಮಾಡಿದ್ದು 1831ರಲ್ಲಿ! ಹದಿಮೂರು ವರ್ಷ ಹಿಂಜರಿದವನನ್ನು ಮೋಸಗಾರ ಅನ್ನಲು ನನಗೆ ಬಾಯಿ ಬರಲ್ಲ. ಪತ್ರಿಕೆ ಮಾಡಿ, ಸಭೆ ನಡೆಸಿ ಅವನನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಬಾಸ್ಟನ್ನಿನ ಪಾದ್ರಿ ಜೋಶುವಾ ಹೈಮ್ಸ್.

1843 ಮುಗಿಯಿತು, ಏನೂ ಆಗಲಿಲ್ಲ. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1 ಬರುತ್ತೆ, ನಡುವೆ ಸೊನ್ನೆಯ ವರ್ಷವೇ ಇಲ್ಲ. ಹಾಗಾಗಿ ಉತ್ತರ 1844 ಆಗಬೇಕಿತ್ತು. 1844ರ ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬಾತ ಯೆಹೂದ್ಯರ ದೋಷಪರಿಹಾರಕ ದಿನದ ಲೆಕ್ಕ ಹಾಕಿ ತಾರೀಖನ್ನೇ ಹೇಳಿಬಿಟ್ಟ: ಅಕ್ಟೋಬರ್ 22. ಆ ದಿನ ಯಾರಿಗೂ ತಿಳಿಯದು ಅಂತ ಮತ್ತಾಯನ ಸುವಾರ್ತೆಯಲ್ಲೇ ಯೇಸು ಹೇಳಿದ್ದಾನೆ. ಅದನ್ನು ಎದುರಾಳಿಗಳು ನೆನಪಿಸಿದರೂ ಯಾರು ಕೇಳ್ತಾರೆ? ಮಿಲ್ಲರ್ ಮಾತ್ರ ಈ ತಾರೀಖಿಗೆ ಕೊನೇ ಗಳಿಗೆಯವರೆಗೂ ಒಪ್ಪಿರಲಿಲ್ಲ. ಅಕ್ಟೋಬರ್ ಶುರುವಲ್ಲಿ ಒಪ್ಪಿಕೊಂಡ.

ಕೆಲವರು ಸಾಲ ತೀರಿಸಿದರು, ಅಂಗಡಿ ಮುಚ್ಚಿದರು. ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಬಿಳಿ ನಿಲುವಂಗಿ ತೊಟ್ಟು ಬೆಟ್ಟ ಹತ್ತಿದರು ಅನ್ನೋದು ಆಮೇಲೆ ಗೇಲಿ ಮಾಡಿದವರು ಕಟ್ಟಿದ ಕಥೆ ಅಂತ ಇತಿಹಾಸಕಾರರು ಹೇಳ್ತಾರೆ. ನಿಲುವಂಗಿಯ ಕಥೆ ಇರಲಿ, ನನ್ನನ್ನು ಹಿಡಿದು ನಿಲ್ಲಿಸೋದು ಆ ಬಿಟ್ಟ ಬೆಳೆ. ಮೋಡ ಕಂಡ್ರೆ ಅಪ್ಪನ ಜೊತೆ ನಡುರಾತ್ರಿ ಟಾರ್ಪಾಲು ಹೊತ್ತು ಕಣಕ್ಕೆ ಓಡಿದವನು ನಾನು. ನಾಲ್ಕು ತಿಂಗಳು ಬೆವರು ಸುರಿಸಿದ್ದನ್ನು ಬಿಟ್ಟು ಸುಮ್ಮನೆ ಆಕಾಶ ನೋಡ್ತಾ ಕೂರಬೇಕಾದ್ರೆ ನಂಬಿಕೆ ಎಷ್ಟು ಗಟ್ಟಿ ಇದ್ದಿರಬೇಕು! 23ರ ಬೆಳಿಗ್ಗೆ ಅದೇ ಹೊಲಕ್ಕೆ, ಅಕ್ಕಪಕ್ಕದವರ ಕಣ್ಣೆದುರು, ಹೇಗೆ ಹೋದರೋ.

ಆ ದಿನಕ್ಕೆ ಮಹಾ ನಿರಾಶೆ ಅಂತಲೇ ಹೆಸರಾಯಿತು. ತಾರೀಖು ಸರಿ, ಘಟನೆ ಆದದ್ದು ಪರಲೋಕದಲ್ಲಿ ಅಂತ ಕೆಲವರು ಅರ್ಥ ಮಾಡಿಕೊಂಡರು. ಅವರಿಂದ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಸಂಘಟನೆಯಾಯಿತು. ಮಿಲ್ಲರ್ ಆ ಕಡೆ ಹೋಗಲಿಲ್ಲ. ಲೆಕ್ಕ ತಪ್ಪಿತು ಅಂತ ಬರೆದು ಒಪ್ಪಿಕೊಂಡ, ಕ್ರಿಸ್ತ ಬೇಗ ಬರುತ್ತಾನೆ ಅನ್ನೋದನ್ನು ಮಾತ್ರ ಬಿಡಲಿಲ್ಲ. ಊರಿನ ಬ್ಯಾಪ್ಟಿಸ್ಟ್ ಸಭೆ ಅವನನ್ನು ಹೊರಗೆ ಹಾಕಿತು. 1848ರಲ್ಲಿ ತನ್ನ ಮನೆಯ ಹತ್ತಿರವೇ ಒಂದು ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದ. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡ. ಇವತ್ತೋ ನಾಳೆಯೋ ಎಲ್ಲ ಮುಗಿಯುತ್ತೆ ಅಂತ ನಂಬಿದವನು ಕಟ್ಟಿಸಿದ ಆ ಕಟ್ಟಡ ಈಗಲೂ ಅಲ್ಲೇ ಇದೆ.